ಹಾಡಿನೊಳಗೆ ಕಾಕನ ಜಾಗ

ನಾನು ಚಿಕ್ಕವನಿದ್ದಾಗ ನಮ್ಮ ಮನೆಯವರು ಹಾಡುತ್ತಿದ್ದ ಜಾಗ ಮನೆಯೊಳಗೆ ಇರಲಿಲ್ಲ, ಹೊರಗಿನ ಮೆಟ್ಟಿಲ ಮೇಲೆ ಇತ್ತು. ಕುವೈತಿನ ಹವಲ್ಲಿಯಲ್ಲಿ ಒಂದು ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ ನಾವು ನಾಲ್ವರು ಇದ್ದೆವು. ಅಪ್ಪ, ಅಮ್ಮ, ಅಕ್ಕ, ನಾನು. ಕಟ್ಟಡಕ್ಕೆ ಲಿಫ್ಟ್ ಇತ್ತು, ಆದರೆ ಅದು ತನಗೆ ಮನಸ್ಸು ಬಂದ ದಿನ ಮಾತ್ರ ಮೇಲೆ ಬರುತ್ತಿತ್ತು. ಹಾಗಾಗಿ ಎಲ್ಲರೂ ಮೆಟ್ಟಿಲನ್ನೇ ನಂಬಿದ್ದೆವು. ಕಪ್ಪು ಬಿಳಿ ಚುಕ್ಕಿಗಳ ಮೊಸಾಯಿಕ್ ಮೆಟ್ಟಿಲು. ಹೊರಗೆ ಬಿಸಿಲು ಕೆಂಡ ಸುರಿಯುತ್ತಿದ್ದರೂ ಬರಿಗಾಲಿಗೆ ಅದು ತಣ್ಣಗೆ ತಾಗುತ್ತಿತ್ತು. ಒಂದೊಂದು ಮಹಡಿಗೂ ಒಂದೊಂದು ವಾಸನೆ ಇತ್ತು. ಒಂದರಲ್ಲಿ ಏಲಕ್ಕಿ ಹಾಕಿದ ಚಹಾ, ಇನ್ನೊಂದರಲ್ಲಿ ಊದಿನ ಹೊಗೆ, ನಮ್ಮದರಲ್ಲಿ ಯಾವಾಗಲೂ ಮೀನುಸಾರು.

ಆ ಮೆಟ್ಟಿಲಿಗೆ ಒಂದು ವಿಶೇಷ ಇತ್ತು. ಅಲ್ಲಿ ಒಬ್ಬ ಹಾಡಿದರೆ ನಾಲ್ವರು ಹಾಡಿದ ಹಾಗೆ ಕೇಳುತ್ತಿತ್ತು. ಕೆಳಗೆ ಕೆಮ್ಮಿದರೆ ಮೇಲೆ ತಾರಸಿಯಲ್ಲಿ ಯಾರೋ ದೊಡ್ಡ ಮನುಷ್ಯ ಕೆಮ್ಮಿದಂತೆ. ಶುಕ್ರವಾರ ಎಲ್ಲರಿಗೂ ರಜೆ. ಬೆಳಿಗ್ಗೆ ತಿಂಡಿ ಮುಗಿದ ಕೂಡಲೇ ಅಪ್ಪ ಲುಂಗಿ ಎತ್ತಿ ಕಟ್ಟಿ ಬಾಗಿಲು ತೆರೆದು ಮೆಟ್ಟಿಲ ಮೇಲೆ ಕೂತು, ಗಂಟಲು ಸರಿಮಾಡಿಕೊಂಡು, "ಡುಮ್ ಡುಮ್ ಡುಮ್ ಡುಮ್" ಎಂದು ಶುರುಮಾಡುತ್ತಿದ್ದರು. ನನಗೆ ಆಗ ಹತ್ತು ವರ್ಷ. ಆ ಸದ್ದು ಕಿವಿಗಿಂತ ಮೊದಲು ಹೊಟ್ಟೆಗೆ ಕೇಳುತ್ತಿತ್ತು.

ಅಪ್ಪ ಹಾಡುತ್ತಿದ್ದದ್ದು ನಮ್ಮ ಊರಿನ ಹಾಡಲ್ಲ. ಡೂ-ವಾಪ್ ಎಂಬ ಜಾತಿಯ ಹಳೆಯ ಇಂಗ್ಲಿಷ್ ಹಾಡು. ದೂರದ ಅಮೆರಿಕದಲ್ಲಿ, ನನ್ನ ಅಜ್ಜನ ಕಾಲದಲ್ಲಿ, ವಾದ್ಯ ಕೊಳ್ಳಲು ಗತಿಯಿಲ್ಲದ ಹುಡುಗರು ಬೀದಿಯ ಮೂಲೆಯಲ್ಲಿ, ಮೆಟ್ಟಿಲ ಕೆಳಗೆ ಗುಂಪಾಗಿ ನಿಂತು ಹಾಡಿದ್ದು. ಡ್ರಮ್ಮು ಬೇಕಾದಲ್ಲಿ ಒಬ್ಬ ಬಾಯಲ್ಲೇ ಡುಮ್ ಡುಮ್ ಎನ್ನುತ್ತಿದ್ದ, ಇನ್ನೊಬ್ಬ ವಾ ವಾ ಎನ್ನುತ್ತಿದ್ದ, ಮತ್ತೊಬ್ಬ ಊ ಎಂದು ಮೇಲಕ್ಕೆ ಏರುತ್ತಿದ್ದ, ಅಷ್ಟರಲ್ಲಿ ಒಬ್ಬ ಹಾಡು ಹೇಳಿ ಮುಗಿಸುತ್ತಿದ್ದ. ಅದರ ಬೆನ್ನಿಗೇ ಗಿಟಾರು ಹಿಡಿದುಕೊಂಡು ಕುಣಿಯುವ ರಾಕ್ ಆಂಡ್ ರೋಲ್ ಬಂತು. ಅಪ್ಪನಿಗೆ ಎರಡೂ ಇಷ್ಟವೇ. ಆದರೆ ಮನೆಯಲ್ಲಿ ಗಿಟಾರು ಇರಲಿಲ್ಲ, ಬಾಯಿ ಇತ್ತು.

ಇದೆಲ್ಲ ಅಪ್ಪನಿಗೆ ಅಂಟಿದ್ದು ಬೊಂಬಾಯಿಯಲ್ಲಿ. ನಮ್ಮ ಕಡೆಯ ಎಷ್ಟೋ ಹುಡುಗರ ಹಾಗೆ ಅವರೂ ಮೀಸೆ ಮೂಡುವ ಮೊದಲೇ ಊರು ಬಿಟ್ಟು ಅಲ್ಲಿ ಒಂದು ಹೋಟೆಲಿನ ಅಡುಗೆಮನೆಗೆ ಸೇರಿದ್ದರು. ಹೋಟೆಲಿನ ಮುಂದಿನ ಕೋಣೆಯಲ್ಲಿ ಕಾಸು ಹಾಕಿದರೆ ಹಾಡುವ ದೊಡ್ಡ ಪೆಟ್ಟಿಗೆ ಇತ್ತಂತೆ. ಹಡಗಿನಿಂದ ಇಳಿದ ನಾವಿಕರು ಬಂದು ಕಾಸು ಹಾಕಿ ಹಾಡು ಕೇಳುತ್ತಿದ್ದರಂತೆ. ಅಪ್ಪ ಗೋಡೆಯ ಈಚೆ ಪಾತ್ರೆ ತೊಳೆಯುತ್ತಿದ್ದರು. ದಪ್ಪ ಗೋಡೆ. ಹಾಡಿನ ಸಪೂರ ದನಿಗಳೆಲ್ಲ ಅದರಲ್ಲೇ ಇಂಗಿಹೋಗಿ, ಅಡಿಯ ದಪ್ಪ ದನಿ ಮಾತ್ರ ಈಚೆಗೆ ಬರುತ್ತಿತ್ತು. ಹಾಗಾಗಿ ಅಪ್ಪ ಎಲ್ಲ ಹಾಡುಗಳನ್ನೂ ಕಲಿತರು, ಒಂದೊಂದರಿಂದಲೂ ಡುಮ್ ಡುಮ್ ಅಷ್ಟನ್ನೇ ಕಲಿತರು. ಮೇಲೆ ಏನು ಹಾಡುತ್ತಾರೆ ಎಂಬುದು ಅವರಿಗೆ ವರ್ಷಾನುಗಟ್ಟಲೆ ಗೊತ್ತೇ ಇರಲಿಲ್ಲ. ಮನೆ ಕಟ್ಟದೆ ಬರೀ ಅಡಿಪಾಯ ಹಾಕಿಟ್ಟ ಹಾಗೆ.

ಉಳಿದ ಹಾಡು ಅವರಿಗೆ ಸಿಕ್ಕಿದ್ದು ಕುವೈತಿನಲ್ಲಿ, ಕಾಕನ ಅಂಗಡಿಯಲ್ಲಿ.

ನಮ್ಮ ಕಟ್ಟಡದ ಕೆಳಗೆ ಒಂದು ಕ್ಯಾಸೆಟ್ ಅಂಗಡಿ ಇತ್ತು. ಗೋಡೆಯುದ್ದಕ್ಕೂ ನೆಲದಿಂದ ಸೂರಿನವರೆಗೆ ಕ್ಯಾಸೆಟ್ಟುಗಳು. ಅರಬೀ, ಹಿಂದಿ, ಮಲಯಾಳಂ, ಎಲ್ಲಕ್ಕಿಂತ ಕೆಳಗಿನ ಸಾಲಿನಲ್ಲಿ ಧೂಳು ಕುಡಿಯುತ್ತಾ ಹಳೆಯ ಇಂಗ್ಲಿಷ್. ಅಂಗಡಿ ನೋಡಿಕೊಳ್ಳುತ್ತಿದ್ದದ್ದು ನಮ್ಮ ಊರಿನ ಕಡೆಯ ಬ್ಯಾರಿ, ಅಂದರೆ ಕರಾವಳಿಯ ಮುಸಲ್ಮಾನರು. ನಮ್ಮ ಕಡೆ ಅಂಥವರನ್ನು ಕಾಕ ಎಂದೇ ಕರೆಯುವುದು. ಅಪ್ಪನಿಗೂ ಕಾಕ, ಅಮ್ಮನಿಗೂ ಕಾಕ, ನಮಗೂ ಕಾಕ. ಅರಬಿಗಳು ಅವರನ್ನು ಸದೀಕ್ ಎನ್ನುತ್ತಿದ್ದರು, ಅಂದರೆ ಗೆಳೆಯ. ಬೋರ್ಡಿನ ಮೇಲೆ ಅಂಗಡಿಯ ಯಜಮಾನನಾದ ಕುವೈತಿ ಕಫೀಲನ ಹೆಸರು. ಒಂದು ದಿನ ಅಪ್ಪ ಕೆಲಸದಿಂದ ಬರುವಾಗ ಅಂಗಡಿಯೊಳಗಿಂದ ಯಾವುದೋ ಹಳೆಯ ಇಂಗ್ಲಿಷ್ ಹಾಡು ಬರುತ್ತಿತ್ತು. ಅಪ್ಪ ರಸ್ತೆಯಲ್ಲೇ ನಿಂತು ಡುಮ್ ಡುಮ್ ಎಂದು ಜೊತೆಗೂಡಿದರು. ಒಳಗಿನಿಂದ ಕಾಕ ಇಣುಕಿ, "ಎಂತ ಮಾರಾಯ್ರೆ, ನನ್ನ ಸ್ಪೀಕರ್ ಹಾಳಾಯಿತು ಅಂತ ಮಾಡಿದೆ, ನೋಡಿದರೆ ನೀವು," ಎಂದರು. ಅಲ್ಲಿಂದ ಗೆಳೆತನ.

ನಮ್ಮ ತಂಡದ ಹಾಡು ಒಂದೇ. ಅರ್ಥ ಇಷ್ಟೇ: ಒಬ್ಬ ಹುಡುಗ ಬೀದಿಯ ಮೂಲೆಯಲ್ಲಿ ನಿಂತು ಒಬ್ಬಳಿಗಾಗಿ ಕಾಯುತ್ತಾನೆ. ಬರುತ್ತಾಳೋ ಇಲ್ಲವೋ ಹಾಡು ಹೇಳುವುದೇ ಇಲ್ಲ. ಅಪ್ಪನದು ಡುಮ್ ಡುಮ್, ಕಾಕನದು ವಾ ವಾ, ಕಾಲೇಜು ಸೇರುವ ವಯಸ್ಸಿನ ಅಕ್ಕನಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿದ್ದುದರಿಂದ ಹಾಡು ಹೇಳುವುದು ಅವಳ ಕೆಲಸ. ನನ್ನದು ಎಲ್ಲರ ಮೇಲೆ ಗಾಳಿಪಟದಂತೆ ತೇಲುವ ಊ. ಒಂದೊಂದು ನುಡಿಯ ಕೊನೆಗೆ ಎಲ್ಲರೂ ಒಂದು ಉಸಿರಿನಷ್ಟು ಹೊತ್ತು ನಿಲ್ಲಬೇಕಿತ್ತು. ಒಂದು ಶುಕ್ರವಾರ ಆ ನಿಲುಗಡೆಯಲ್ಲಿ ಕಾಕ ಸುಮ್ಮನಿರಲಾಗದೆ "ಐಲೇಸಾ" ಎಂದುಬಿಟ್ಟರು. ನಮ್ಮ ಕಡಲಿನಲ್ಲಿ ದೋಣಿ ಎಳೆಯುವವರು ಹಾಕುವ ಕೂಗು ಅದು. ಕಾಕನ ತಂದೆ ಬಲೆ ಎಳೆಯುತ್ತಿದ್ದವರು. ಅಕ್ಕ ನಕ್ಕು ನಕ್ಕು ಮೆಟ್ಟಿಲ ಮೇಲೆ ಕುಸಿದಳು. ಅಪ್ಪ ಮಾತ್ರ ಕಣ್ಣು ಮುಚ್ಚಿ, "ಇನ್ನೊಮ್ಮೆ ಹೇಳಿ ಕಾಕ," ಎಂದರು. ಆಮೇಲೆ ಐಲೇಸಾ ಇಲ್ಲದೆ ನಾವು ಆ ಹಾಡನ್ನು ಹಾಡಲೇ ಇಲ್ಲ.

ಅಮ್ಮ ಹಾಡುತ್ತಿರಲಿಲ್ಲ. ಬಾಗಿಲಿಗೆ ಒರಗಿ ನಿಂತು ಬೆಳ್ಳುಳ್ಳಿ ಸುಲಿಯುತ್ತಾ ಕೇಳುತ್ತಿದ್ದಳು. "ಇದೆಂತ ಅಮೆರಿಕದ್ದು? ನಾವು ಗದ್ದೆಯಲ್ಲಿ ನೇಜಿ ನೆಡುವಾಗ ಒಬ್ಬಳು ಹಾಡು ಹೇಳುವುದು, ಉಳಿದವರು ಡೆನ್ನ ಡೆನ್ನಾನ ಅನ್ನುವುದು. ಡೆನ್ನಾನಕ್ಕೆ ಅರ್ಥ ಉಂಟಾ? ಇಲ್ಲ. ಡುಮ್ ಡುಮ್‌ಗೆ ಉಂಟಾ? ಅದೂ ಇಲ್ಲ. ಎರಡೂ ಒಂದೇ," ಎಂದು ತೀರ್ಪು ಕೊಡುತ್ತಿದ್ದಳು. ಅಪ್ಪ ಒಪ್ಪುತ್ತಿರಲಿಲ್ಲ. ಈಗ ಯೋಚಿಸಿದರೆ ಅಮ್ಮ ಹೇಳಿದ್ದೇ ಸರಿ ಎನ್ನಿಸುತ್ತದೆ. ಅರ್ಥವಿಲ್ಲದ ಶಬ್ದಕ್ಕೆ ಯಾವ ಭಾಷೆಯೂ ಬೇಲಿ ಹಾಕುವುದಿಲ್ಲ. ಬೊಂಬಾಯಿಯ ಗೋಡೆ ದಾಟಿದ್ದೂ ಅದೇ, ಗದ್ದೆಯ ಕೆಸರಿನಿಂದ ಎದ್ದದ್ದೂ ಅದೇ.

ಸಾವಿರದ ಒಂಬೈನೂರ ತೊಂಬತ್ತನೇ ಇಸವಿಯ ಆಗಸ್ಟಿನಲ್ಲಿ ಪಕ್ಕದ ದೇಶದ ಸೈನ್ಯ ಕುವೈತಿನೊಳಗೆ ಬಂತು. ಒಂದು ಬೆಳಿಗ್ಗೆ ಎದ್ದು ನೋಡುವಾಗ ರಸ್ತೆಯ ತಿರುವಿನಲ್ಲಿ ಟ್ಯಾಂಕು ನಿಂತಿತ್ತು. ಅಪ್ಪ ಕೆಲಸ ಮಾಡುತ್ತಿದ್ದ ಹೋಟೆಲು ಮುಚ್ಚಿತು. ಅಂಗಡಿಗಳ ಕಪಾಟು ಬರಿದಾದವು, ಕಸ ಎತ್ತುವವರಿಲ್ಲದೆ ಬೀದಿ ನಾರಿತು, ರೊಟ್ಟಿಗೆ ಬೆಳಗಿನಿಂದ ಸಾಲು ನಿಲ್ಲಬೇಕಾಯಿತು. ಕಟ್ಟಡದಲ್ಲಿ ಎಲ್ಲರೂ ಪಿಸುಮಾತಿಗೆ ಇಳಿದರು. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾದರೂ ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು. ಅಪ್ಪ ಹಾಡು ನಿಲ್ಲಿಸಿದರು. ಶುಕ್ರವಾರಗಳು ಬಂದವು, ಹೋದವು. ಮೆಟ್ಟಿಲು ಮೂಕವಾಗಿಯೇ ಇತ್ತು. ನನಗೆ ಟ್ಯಾಂಕಿಗಿಂತ ಆ ಮೌನದ ಹೆದರಿಕೆಯೇ ಹೆಚ್ಚು.

ಕೊನೆಗೆ ಸುದ್ದಿ ಬಂತು. ಊರಿಗೆ ಹೋಗುವವರನ್ನು ಬಸ್ಸುಗಳಲ್ಲಿ ಇರಾಕ್ ದಾಟಿಸಿ ಜೋರ್ಡಾನ್ ದೇಶಕ್ಕೆ ಮುಟ್ಟಿಸುತ್ತಾರೆ, ಅಲ್ಲಿಂದ ವಿಮಾನ. ಅಪ್ಪ ನಮ್ಮ ನಾಲ್ವರಿಗೂ ಜಾಗ ಗೊತ್ತುಮಾಡಿದರು. ಹೊರಡುವ ಹಿಂದಿನ ಸಂಜೆ ನನ್ನನ್ನೂ ಕರೆದುಕೊಂಡು ಕಾಕನ ಅಂಗಡಿಗೆ ಇಳಿದರು. ಅರ್ಧ ಎಳೆದ ಶಟರಿನ ಕೆಳಗೆ ತಲೆ ತಗ್ಗಿಸಿ ಒಳಗೆ ಹೋದೆವು.

"ನೀವೂ ಹೊರಡಿ ಕಾಕ. ಇಲ್ಲಿ ಎಂತ ಉಂಟು ಇನ್ನು?" ಅಪ್ಪ ಕೇಳಿದರು.

ಕಾಕ ಜೇಬಿನಿಂದ ಚಾವಿ ತೆಗೆದು ತೋರಿಸಿದರು. "ಕಫೀಲ್ ಮಕ್ಕಳನ್ನು ಕರಕೊಂಡು ಗಡಿ ದಾಟಲಿಕ್ಕೆ ಹೊರಡುವಾಗ ಇದನ್ನು ನನ್ನ ಕೈಯಲ್ಲಿ ಇಟ್ಟು ಹೋದ ಮಾರಾಯ್ರೆ. ಅಮಾನತ್. ನಂಬಿ ಇಟ್ಟದ್ದು. ಬಿಟ್ಟು ಹೋಗಿ ನಾನು ಯಾರಿಗೆ ಮುಖ ತೋರಿಸುವುದು?"

"ಇದ್ದದ್ದೆಲ್ಲ ಕ್ಯಾಸೆಟ್. ಅದನ್ನು ಯಾರು ಕದಿಯುವುದು?"

"ಇಷ್ಟು ವರ್ಷ ನೀವೇ ಕಡ ಅಂತ ಕೊಂಡುಹೋಗಿ ವಾಪಸು ತರಲಿಲ್ಲ, ಮತ್ತೆ ಸೈನಿಕರು ಬಿಡುತ್ತಾರಾ?"

ಇಬ್ಬರೂ ನಕ್ಕರು. ಬಹಳ ದಿನಗಳ ನಂತರದ ನಗು, ಹಾಗಾಗಿ ಬೇಗ ಮುಗಿಯಿತು. ನಾಳೆ ಬೆಳಿಗ್ಗೆ ಹೊರಡುವ ಮೊದಲು ಮೆಟ್ಟಿಲ ಮೇಲೆ ಒಂದು ಸಲ, ಮೆಲ್ಲಗಾದರೂ, ಹಾಡನ್ನು ಹೇಳೋಣ ಎಂದು ಅಪ್ಪ ಕೇಳಿಕೊಂಡರು. ಕಾಕ "ಆಯ್ತು, ಬರುವೆ" ಎಂದು ನನ್ನ ತಲೆ ನೇವರಿಸಿದರು.

ಮರುದಿನ ಬೆಳಿಗ್ಗೆ ನಾವು ಪೆಟ್ಟಿಗೆಗಳನ್ನು ಮೆಟ್ಟಿಲ ಮೇಲಿಟ್ಟು ಕಾದೆವು. ಅಮ್ಮ ಮನೆಯನ್ನು ಒಮ್ಮೆ ಗುಡಿಸಿದಳು. ಬಿಟ್ಟುಹೋಗುವ ಮನೆಯನ್ನು ಏಕೆ ಗುಡಿಸುವುದು ಎಂದು ಅಕ್ಕ ಕೇಳಿದ್ದಕ್ಕೆ, "ಕಸ ಬಿಟ್ಟು ಹೋದರೆ ಮನೆ ಬಾ ಅಂತ ಕರೆಯುವುದಿಲ್ಲ," ಎಂದಳು. ಹೊತ್ತು ಏರಿತು. ಕಾಕ ಬರಲಿಲ್ಲ. ನಾನು ಓಡಿಹೋಗಿ ನೋಡಿ ಬಂದೆ. ಶಟರು ಪೂರ್ತಿ ಎಳೆದಿತ್ತು, ಬೀಗ ಬಿದ್ದಿತ್ತು. ಅಪ್ಪ ಒಮ್ಮೆ ಕೆಳಗೆ ಇಣುಕಿದರು. ಗಂಟಲು ಸರಿಮಾಡಿಕೊಂಡರು, ಹಾಡುತ್ತಾರೆ ಎಂದುಕೊಂಡೆ. ಅವರು ಪೆಟ್ಟಿಗೆ ಎತ್ತಿದರು. ನಾಲ್ಕನೆಯ ದನಿ ಇಲ್ಲದೆ ಆ ಹಾಡನ್ನು ಶುರುಮಾಡುವುದು ಅವರಿಗೆ ಆಗಲಿಲ್ಲ. "ನಮ್ಮನ್ನು ಕಳಿಸಲಿಕ್ಕೆ ಕಾಕನಿಗೆ ಮನಸ್ಸು ಬರಲಿಲ್ಲ ಕಾಣಬೇಕು," ಎಂದಳು ಅಮ್ಮ. ನಾವು ಆ ಮಾತನ್ನೇ ನಂಬಿಕೊಂಡು ಇಳಿದೆವು.

ಬಸ್ಸುಗಳು ನಿಂತಿದ್ದದ್ದು ಒಂದು ಶಾಲೆಯ ಬಯಲಿನಲ್ಲಿ. ಅಷ್ಟು ಜನರನ್ನು ನಾನು ಒಟ್ಟಿಗೆ ನೋಡಿದ್ದು ಅದೇ ಮೊದಲು. ಸೆಪ್ಟೆಂಬರಿನ ಬಿಸಿಲು, ಡೀಸೆಲ್ ಹೊಗೆ, ಹಗ್ಗ ಬಿಗಿದ ಪೆಟ್ಟಿಗೆಗಳು, ಅಳುವ ಕೂಸುಗಳು, ಕಣ್ಣೊಳಗೆ ಮರಳು. ಬಸ್ಸುಗಳೆಲ್ಲ ಒಂದೇ ಬಣ್ಣ, ಒಂದೇ ಧೂಳು. ನಮ್ಮ ಪೆಟ್ಟಿಗೆಗಳನ್ನು ಒಂದರ ನೆತ್ತಿಗೆ ಏರಿಸಿ ಅಪ್ಪ ಅಮ್ಮ ಒಳಗೆ ಹೋಗಿ ಜಾಗ ಹಿಡಿದರು. ದಾರಿಗೆ ನೀರು ತುಂಬಿಸಿಕೊಂಡು ಬರಲು ಅಕ್ಕನನ್ನೂ ನನ್ನನ್ನೂ ಬಯಲಿನ ಆ ಮೂಲೆಯ ನಲ್ಲಿಗೆ ಕಳಿಸಿದರು. ನೀರು ಸಣ್ಣಗೆ ಬರುತ್ತಿತ್ತು, ಅದೂ ಕುದಿಯುವ ಬಿಸಿ. ಕ್ಯಾನು ತುಂಬಲು ತುಂಬಾ ಹೊತ್ತು ಹಿಡಿಯಿತು.

ತಿರುಗಿ ಬಂದಾಗ ನಮ್ಮ ಬಸ್ಸು ಇದ್ದಲ್ಲಿ ಇರಲಿಲ್ಲ. ಸಾಲು ಬದಲಿಸಿ ಎಲ್ಲಿಗೋ ನಿಲ್ಲಿಸಿದ್ದರು. ಕೆಲವು ಬಸ್ಸುಗಳು ಆಗಲೇ ಎಂಜಿನ್ ಚಾಲೂ ಮಾಡಿ ಗೇಟಿನ ಕಡೆ ಮುಖ ತಿರುಗಿಸಿದ್ದವು. ಅಕ್ಕ ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡಳು. ನಾನು "ಅಪ್ಪಾ" ಎಂದು ಕೂಗಿದೆ. ಸುತ್ತಲಿನ ಗಂಡಸರೆಲ್ಲ ತಿರುಗಿ ನೋಡಿ, ತಮ್ಮ ಮಗನಲ್ಲ ಎಂದು ಕಂಡು ಮತ್ತೆ ತಮ್ಮ ಕೆಲಸಕ್ಕೆ ತಿರುಗಿದರು. ಆ ಬಯಲಿನಲ್ಲಿ ಯಾರು ಅಪ್ಪನಲ್ಲ ಹೇಳಿ. "ಅಮ್ಮಾ" ಎಂದರೆ ಅದಕ್ಕಿಂತ ಹೆಚ್ಚು ತಲೆಗಳು ತಿರುಗಿದವು. ಆಗ ಅಕ್ಕ ಒಂದು ಕೆಲಸ ಮಾಡಿದಳು. ಅಪ್ಪನ ಹೆಸರು ಹಿಡಿದು ಕೂಗಿದಳು. ನಮ್ಮಲ್ಲಿ ಹಾಗೆ ಹಿರಿಯರ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಅವಳ ಮುಖ ಕೆಂಪಾಗಿ ಹೋಯಿತು. ಆದರೂ ಮತ್ತೆ ಮತ್ತೆ ಕೂಗಿದಳು. ಎಂಜಿನ್ನುಗಳ ಗುರುಗುರುವಿನಲ್ಲಿ ಆ ಹೆಸರು ಅವಳ ಬಾಯಿಂದ ಒಂದು ಮಾರು ದೂರಕ್ಕೂ ಹೋಗಲಿಲ್ಲ.

ಗೇಟಿನ ಹತ್ತಿರದ ಬಸ್ಸೊಂದು ಹೊರಟೇಹೋಯಿತು. ಅದರೊಳಗೆ ಅಪ್ಪ ಅಮ್ಮ ಇದ್ದರೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ಅಕ್ಕ ಸುತ್ತ ನೋಡಿದಳು, ಒಡೆದ ಗೋಡೆಯ ಕಲ್ಲೊಂದರ ಮೇಲೆ ನನ್ನನ್ನು ಹತ್ತಿಸಿದಳು, ತಾನೂ ಹತ್ತಿದಳು. "ಊ ಹೇಳು. ಎಷ್ಟು ಮೇಲೆ ಹೋಗುತ್ತದೋ ಅಷ್ಟು ಮೇಲೆ," ಎಂದಳು. ನಾನು ಅಂಗಿಯ ತೋಳಿನಲ್ಲಿ ಮೂಗು ಒರೆಸಿಕೊಂಡೆ. "ಹೇಳು ಮಾರಾಯ, ಅಳುವುದು ಆಮೇಲೆ."

ನಾನು ಹೇಳಿದೆ. ಮೊದಲು ಅದು ಹಾಡಾಗಿರಲಿಲ್ಲ, ಬೆಕ್ಕು ಅತ್ತ ಹಾಗಿತ್ತು. ಆಮೇಲೆ ಅಕ್ಕನ ದನಿ ಕೆಳಗಿನಿಂದ ಬಂದು ಅದನ್ನು ಹೊತ್ತುಕೊಂಡಿತು. ಬೀದಿಯ ಮೂಲೆಯಲ್ಲಿ ಕಾಯುವ ಹುಡುಗನ ಹಾಡು, ಆ ಬಿಸಿಲಿನಲ್ಲಿ, ಡೀಸೆಲ್ ಹೊಗೆಯ ಮೇಲೆ. ಜನ ನಮ್ಮನ್ನು ನೋಡಿದರು. ಈ ಮಕ್ಕಳಿಗೆ ಬಿಸಿಲು ತಲೆಗೇರಿದೆ ಎಂದು ಒಬ್ಬರು ಹೇಳಿದ್ದು ಕೇಳಿಸಿತು. ನುಡಿ ಮುಗಿಯಿತು. ಅಭ್ಯಾಸಬಲದಿಂದ ಇಬ್ಬರೂ ಒಂದು ಉಸಿರು ನಿಲ್ಲಿಸಿದೆವು.

ಆ ನಿಲುಗಡೆಯೊಳಗೆ, ಬಯಲಿನ ಮಧ್ಯದ ಎಲ್ಲಿಂದಲೋ, "ಐಲೇಸಾ" ಎಂಬ ಕೂಗು ಬಂತು.

ತಲೆಗಳ ಮೇಲೆ ಒಂದು ಕಾಗದದ ಕಟ್ಟನ್ನು ಎತ್ತಿ ಹಿಡಿದುಕೊಂಡು ಕಾಕ ನುಗ್ಗಿ ಬರುತ್ತಿದ್ದರು. ಬೆಳಕು ಹರಿಯುವ ಮೊದಲೇ ಹೋಗಿ ರೊಟ್ಟಿ ಅಂಗಡಿಯ ಸಾಲಿನಲ್ಲಿ ನಿಂತಿದ್ದರಂತೆ, ನಮ್ಮ ದಾರಿಗೆ ಖುಬ್ಬೂಸ್ ಬೇಕೆಂದು. ಸಾಲು ಮುಗಿಯುವಾಗ ನಾವು ಮನೆ ಬಿಟ್ಟಾಗಿತ್ತು. "ಎಲ್ಲಿ ಉಂಟು ನಿಮ್ಮ ಬಸ್ಸು? ಗೊತ್ತಿಲ್ಲವಾ? ಹತ್ತು ಮೋನೆ," ಎಂದು ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಮೋನೆ ಎಂದರೆ ಅವರ ಭಾಷೆಯಲ್ಲಿ ಮಗನೇ. "ನಿಲ್ಲಿಸಬೇಡಿ. ಹಾಡುತ್ತಾ ನಡೆಯುವ."

ಹಾಡುತ್ತಾ ನಡೆದೆವು. ಕಾಕನ ವಾ ವಾ ನನ್ನ ತೊಡೆಗಳ ನಡುವೆ ಅವರ ಕುತ್ತಿಗೆಯಲ್ಲಿ ನಡುಗುತ್ತಿತ್ತು. ಒಂದು ಸಾಲು ದಾಟಿದೆವು, ಇನ್ನೊಂದು ದಾಟಿದೆವು. ಆಮೇಲೆ, ಬಹಳ ದೂರದಿಂದ, ಎಂಜಿನ್ನಿನದೇ ಎನ್ನಿಸುವಂಥ ಒಂದು ದಪ್ಪ ಸದ್ದು. ಡುಮ್ ಡುಮ್ ಡುಮ್ ಡುಮ್. ದಪ್ಪ ಗೋಡೆಯನ್ನೇ ದಾಟಿ ಬರುತ್ತಿದ್ದ ಆ ದನಿ ಎಂಜಿನ್ನುಗಳ ಗದ್ದಲವನ್ನೂ ದಾಟಿ ಬಂತು. ಗೇಟಿನ ಹತ್ತಿರದ ಇನ್ನೊಂದು ಬಸ್ಸಿನ ಬಾಗಿಲಲ್ಲಿ ಅಪ್ಪ ಅರ್ಧ ಹೊರಗೆ ಜೋತುಕೊಂಡು, ಒಂದು ಕೈಯಿಂದ ಡ್ರೈವರನ ತೋಳು ಹಿಡಿದುಕೊಂಡು ಬಸ್ಸು ಬಿಡದ ಹಾಗೆ ತಡೆಯುತ್ತಾ, ಹಾಡುತ್ತಿದ್ದರು. ಅಮ್ಮ ಕೆಳಗೆ ಇಳಿದು ಬಸ್ಸಿನ ಮುಂದೆಯೇ ನಿಂತುಬಿಟ್ಟಿದ್ದಳು.

ನಾಲ್ಕು ದನಿಗಳೂ ಸೇರಿದ್ದು ಅಲ್ಲಿ, ಬಸ್ಸಿನ ಬಾಗಿಲಲ್ಲಿ, ಅರ್ಧ ನುಡಿಯಷ್ಟು ಹೊತ್ತು. ಮೆಟ್ಟಿಲ ಮೇಲೆ ಆಗದೇ ಹೋದದ್ದು ಅಲ್ಲಿ ಆಯಿತು. ಡ್ರೈವರ್ "ಯಲ್ಲಾ ಯಲ್ಲಾ" ಎಂದು ಅರಚಿದ. ಕಾಕ ನನ್ನನ್ನು ಕಿಟಕಿಯಿಂದಲೇ ಒಳಗೆ ದಾಟಿಸಿದರು, ಹಿಂದಿನಿಂದ ರೊಟ್ಟಿಯ ಕಟ್ಟು ಬಂತು. ಇನ್ನೂ ಬಿಸಿಯಿತ್ತು, ಕಾಗದಕ್ಕೆ ಬೆವರು ಬಂದಿತ್ತು. ಅಪ್ಪ ಕಿಟಕಿಯಿಂದ ಕೈ ಚಾಚಿ ಅವರ ಕೈ ಹಿಡಿದುಕೊಂಡರು. ಬಸ್ಸು ಅಲುಗಿತು. ಕಾಕ ಜೊತೆಗೆ ನಾಲ್ಕು ಹೆಜ್ಜೆ ಓಡುತ್ತಾ, "ನನ್ನ ಜಾಗ ಯಾರಿಗೂ ಕೊಡಬೇಡಿ ಆಯ್ತಾ. ಬಂದು ಹಾಡುವೆ," ಎಂದರು. ಧೂಳು ಎದ್ದಿತು. ಧೂಳು ಕೂರುವಾಗ ನಾವು ಗೇಟಿನ ಹೊರಗಿದ್ದೆವು.

ಬಸ್ಸು ಊರು ದಾಟಿ ಮರಳುಗಾಡಿನ ರಸ್ತೆ ಹಿಡಿದ ಮೇಲೆ ಅಮ್ಮ ರೊಟ್ಟಿ ಬಿಡಿಸಿ ಹಂಚಿದಳು. ತಿನ್ನುತ್ತಾ ತಿನ್ನುತ್ತಾ ನಿಲ್ಲಿಸಿ ಅಪ್ಪನನ್ನು ಕೇಳಿದಳು, "ಕಾಕನ ಹೆಸರು ಎಂತ?"

ಅಪ್ಪ ಬಾಯಿ ತೆರೆದರು. ಹಾಗೆಯೇ ಮುಚ್ಚಿದರು. ಅಕ್ಕನ ಕಡೆ ನೋಡಿದರು, ಅಕ್ಕ ನನ್ನ ಕಡೆ ನೋಡಿದಳು. ಇಷ್ಟು ವರ್ಷ ಒಂದೇ ಕಟ್ಟಡ, ಹಬ್ಬಕ್ಕೆ ನಮ್ಮ ಪಾಯಸ ಅವರಿಗೆ, ಅವರ ಬಿರಿಯಾನಿ ನಮಗೆ. ಯಾರೂ ಹೆಸರು ಕೇಳಿರಲಿಲ್ಲ. ಕಾಕ ಎಂದು ಕರೆದ ಮೇಲೆ ಮನೆಯವರೇ ಆದರಲ್ಲ, ಮನೆಯವರ ಹೆಸರನ್ನು ಯಾರು ಕೇಳುತ್ತಾರೆ? ಊರು ಕೇಳಿದರೆ "ಉಳ್ಳಾಲದಿಂದ ಆಚೆ, ಕಡಲು ಕೇಳುವಷ್ಟು ಹತ್ತಿರ" ಎನ್ನುತ್ತಿದ್ದರು. ನಮಗೆ ಅಷ್ಟು ಸಾಕಾಗಿತ್ತು.

ಯುದ್ಧ ಮುಗಿದು ತೊಂಬತ್ತೊಂದರ ಕೊನೆಗೆ ಅಪ್ಪ ಒಬ್ಬರೇ ಕೆಲಸಕ್ಕೆ ವಾಪಸು ಹೋದರು. ಮೊದಲು ಹೋದದ್ದು ಹವಲ್ಲಿಗೆ. ಅಂಗಡಿಯ ಶಟರು ಹೊಸದು, ಒಳಗೆ ಟೆಲಿಫೋನು ಮಾರುತ್ತಿದ್ದರು. ಸದೀಕ್ ಎಲ್ಲಿ ಎಂದು ಕೇಳಿದರೆ, ಯಾವ ಸದೀಕ್ ಎಂದರು. ಕಫೀಲ್ ಹಿಂದಿರುಗಿ, ಚಾವಿ ಕೈಗೆ ಬಂದ ಮೇಲೆ ಅಂಗಡಿಯನ್ನೇ ಮಾರಿದನಂತೆ. ಅಂದರೆ ಚಾವಿ ಮುಟ್ಟಿತು. ಅದೊಂದು ಸಮಾಧಾನ. ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಅಪ್ಪ ನನ್ನನ್ನು ಕರೆದುಕೊಂಡು ಉಳ್ಳಾಲದ ಆಚೆಯ ಕಡಲ ದಂಡೆಯ ಊರುಗಳಲ್ಲಿ ಅಲೆದರು. "ಕುವೈತಿನಲ್ಲಿ ಇದ್ದ ಒಬ್ಬ ಕಾಕನನ್ನು ಹುಡುಕುತ್ತಾ ಇದ್ದೇವೆ" ಎಂದರೆ ಜನ ನಗುತ್ತಿದ್ದರು. "ಇಲ್ಲಿ ಮನೆಗೊಬ್ಬರು ಇದ್ದಾರೆ ಮಾರಾಯ್ರೆ. ಯಾವ ಕಾಕ ಬೇಕು ನಿಮಗೆ?" ಹಾಡುವ ಕಾಕ ಎಂದು ಅಪ್ಪ ಹೇಳುತ್ತಿದ್ದರು. ಒಮ್ಮೆ ದಣಿದು ದಂಡೆಯ ಮರಳಿನಲ್ಲಿ ಕೂತು ಅಪ್ಪ ಜೋರಾಗಿ ಡುಮ್ ಡುಮ್ ಎಂದು ಹಾಡಿಯೇಬಿಟ್ಟರು. ನುಡಿ ಮುಗಿಸಿ ನಿಲ್ಲಿಸಿ ಕಿವಿಗೊಟ್ಟರು. ಅಲೆಗಳ ಸದ್ದು ಬಂತು, ಇನ್ನೇನೂ ಬರಲಿಲ್ಲ.

ಮುಂದೆ ನಮ್ಮ ಮನೆಯಲ್ಲಿ ಆ ಹಾಡನ್ನು ಎಷ್ಟು ಸಲ ಹಾಡಿದರೂ ಕಾಕನ ಐಲೇಸಾ ಬರುವ ಜಾಗದಲ್ಲಿ ನಾವು ಸುಮ್ಮನಿರುತ್ತಿದ್ದೆವು. ಅಕ್ಕನ ಮದುವೆಯ ದಿನವೂ ಹಾಗೆಯೇ. ಹೊಸ ಭಾವ ಪಾಪ, ನಾವು ಹಾಡು ಮರೆತೆವು ಎಂದುಕೊಂಡು ಚಪ್ಪಾಳೆ ತಟ್ಟಿದರು. ಅಪ್ಪ ತೀರಿಹೋಗಿ ಈಗ ಬಹಳ ವರ್ಷಗಳಾದವು. ಅವರ ಡುಮ್ ಡುಮ್ ನನಗೆ ಬಂತು, ಕಾಕನ ಜಾಗ ಮಾತ್ರ ಹಾಗೆಯೇ ಉಳಿಯಿತು.

ಮಕ್ಕಳೇ, ನನ್ನ ತಲೆ ಇನ್ನೂ ಪೂರ್ತಿ ಬೆಳ್ಳಗಾಗಿಲ್ಲ, ಆದರೂ ನಾನು ಅಜ್ಜ. ಅಕ್ಕನ ಮೊಮ್ಮಕ್ಕಳು ನನಗೂ ಮೊಮ್ಮಕ್ಕಳೇ ತಾನೇ. ಅಣ್ಣ ತಂಗಿ ನೀವಿಬ್ಬರೂ ಇರುವುದು ಅದೇ ಕುವೈತಿನಲ್ಲಿ, ಮಹಬೂಲಾದ ಹದಿನಾಲ್ಕನೇ ಮಹಡಿಯಲ್ಲಿ. ಕಿಟಕಿಯಿಂದ ಕಡಲು ಕಾಣುತ್ತದೆ, ಎಸಿ ಹಾಕಿದ್ದರಿಂದ ಅದರ ಸದ್ದು ಕೇಳುವುದಿಲ್ಲ. ನಿಮಗೆ ಬೇಕಾದ ಹಾಡು ಫೋನಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ, ಹಾಡಿದವರ ಹೆಸರೂ ಫೋಟೋವೂ ಜೊತೆಗೇ. ಹೇಳಿದರೆ ಅಪ್ಪ ನಂಬುತ್ತಿರಲಿಲ್ಲ. ಅವರಿಗೆ ಒಂದು ಹಾಡಿನ ಅಡಿಯಿಂದ ತುದಿಗೆ ಏರಲು ಅರ್ಧ ಆಯಸ್ಸು ಬೇಕಾಯಿತು. ಆದರೆ ಅಣ್ಣನ ಕಿವಿಯಲ್ಲಿ ಒಂದು ಹಾಡು, ತಂಗಿಯ ಕಿವಿಯಲ್ಲಿ ಇನ್ನೊಂದು, ಮನೆಯೊಳಗೆ ಒಂದೂ ಇಲ್ಲ. ಆ ಹಾಡುಗಳಲ್ಲಿ ತಪ್ಪೇನಿಲ್ಲ. ಅವು ಪೂರ್ತಿಯಾಗಿವೆ, ಅಷ್ಟೇ. ಇನ್ನೊಬ್ಬರು ಬಂದು ಸೇರಲು ಅವುಗಳಲ್ಲಿ ಜಾಗವಿಲ್ಲ.

ಈ ಸಲ ನಾನು ನಿಮ್ಮಲ್ಲಿಗೆ ಬಂದಿದ್ದಾಗ ಲಿಫ್ಟ್ ಕೆಟ್ಟಿತಲ್ಲ, ನೆನಪಿದೆಯೇ? ಎಲ್ಲರೂ ಮೆಟ್ಟಿಲು ಇಳಿಯಬೇಕಾಯಿತು. ಯಾರೂ ತುಳಿಯದ ಮೆಟ್ಟಿಲು, ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ನಾನು ಸುಮ್ಮನೆ ಒಂದು ಡುಮ್ ಎಂದೆ. ಹದಿನಾಲ್ಕು ಮಹಡಿಗಳೂ ಡುಮ್ ಎಂದವು. ಹಿಂದೆ ಮಂಡಿ ಹಿಡಿದುಕೊಂಡು ಇಳಿಯುತ್ತಿದ್ದ ನಿಮ್ಮ ಅಜ್ಜಿ, ಅಂದರೆ ನನ್ನ ಅಕ್ಕ, ಅಲ್ಲಿಯೇ ನಿಂತು ಹಾಡು ಶುರುಮಾಡಿದಳು. ನುಡಿಯ ಕೊನೆಗೆ ಇಬ್ಬರೂ ನಿಂತೆವು. ಆಗ ತಂಗಿ ಕೇಳಿದಳು, "ಅಜ್ಜಾ, ವೈ ಡಿಡ್ ಯು ಸ್ಟಾಪ್? ಸಮ್‌ಥಿಂಗ್ ಈಸ್ ಮಿಸ್ಸಿಂಗ್." ಆ ಸಂಜೆ ನಿಮಗೆ ಹೇಳಿದ್ದೇ ಈ ಕತೆ.

ಮುಂದಿನ ಶುಕ್ರವಾರ ಲಿಫ್ಟ್ ಸರಿಯಾಗಿತ್ತು. ಆದರೂ ನೀವೇ ನನ್ನನ್ನು ಮೆಟ್ಟಿಲಿಗೆ ಎಳೆದುಕೊಂಡು ಹೋದಿರಿ. ಅಣ್ಣ ವಾ ವಾ ಎಂದ, ತಂಗಿ ಊ ಎಂದಳು, ಕಾಕನ ಜಾಗ ಬಂದಾಗ ಇಬ್ಬರೂ ತುಟಿಯ ಮೇಲೆ ಬೆರಳಿಟ್ಟುಕೊಂಡು ಸುಮ್ಮನಾದಿರಿ. ಆ ಮೌನದಲ್ಲಿ ಎಷ್ಟೋ ಮಹಡಿ ಕೆಳಗೆ ಒಂದು ಬಾಗಿಲು ತೆರೆದ ಸದ್ದು ಕೇಳಿತು. ಕೆಲಸದ ಬಟ್ಟೆಯಲ್ಲಿ ಯಾರೋ ಒಬ್ಬರು ಕಂಬಿ ಹಿಡಿದುಕೊಂಡು ಮೇಲೆ ನೋಡುತ್ತಾ ನಿಂತಿದ್ದರು. ಯಾವ ಊರಿನವರೋ, ಯಾವ ಭಾಷೆಯವರೋ. ನಾವು ಮುಂದುವರಿಸಲೆಂದು ಅವರು ಕಂಬಿಯನ್ನು ಮೆಲ್ಲಗೆ ತಟ್ಟಿದರು.

ನಾನು ಮತ್ತೆ ಡುಮ್ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ತಂಗಿ ಕಂಬಿಗೆ ಹೊಟ್ಟೆ ಒತ್ತಿಕೊಂಡು ಕೆಳಗೆ ಬಗ್ಗಿದಳು.

"ಅಂಕಲ್," ಎಂದು ಕೂಗಿದಳು, "ವಾಟ್ ಈಸ್ ಯುವರ್ ನೇಮ್?"

ಅವರು ಹೇಳಿದರು. ಆ ಹೆಸರು ಒಂದೊಂದೇ ಮಹಡಿ ಹತ್ತಿಕೊಂಡು ನಾವಿದ್ದಲ್ಲಿಗೆ ಬಂತು.